ಕಬ್ಬಿಣದ ಗುಳಿಗೆ ಮತ್ತು ಐದನೆಯ ಚಾ

ರಕ್ತ ಕಡಿಮೆಯಿದ್ದವರಿಗೆ ಕಬ್ಬಿಣದ ಗುಳಿಗೆ ಹಂಚುತ್ತ ಹಳದೀಪುರದಲ್ಲಿ ಮನೆಮನೆ ತಿರುಗುವುದು ಆಗ ನನ್ನ ಕೆಲಸ. ಮೂರು ತಿಂಗಳು ಗುಳಿಗೆ ತಿಂದರೂ ಮೀನು ಮಾರುವ ಮಾದೇವಕ್ಕನ ರಕ್ತ ಮಾತ್ರ ಹೆಚ್ಚಲೇ ಇಲ್ಲ.

“ಒಂದ್ ದಿವ್ಸನೂ ತಪ್ಪಿಸ್ಲಿಲ್ಲ ಅಕ್ಕೋರೇ. ಬೆಳಿಗ್ಗೆ ಚಾ ಸಂಗಡ ನುಂಗ್ತೆ” ಎಂದಳು.

ಕಳ್ಳ ಸಿಕ್ಕಿದ! ಚಿತ್ರದ ಹಾಳೆ ಬಿಡಿಸಿ ಸಣ್ಣ ಕರುಳು ತೋರಿಸಿದೆ. “ಉಂಡದ್ದರ ಸತ್ವವನ್ನು ರಕ್ತಕ್ಕೆ ಹೀರಿಕೊಳ್ಳೋದು ಇದೇ. ಜೊತೆಗೆ ಚಾ ಹೋಯ್ತೋ, ಅದು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಕರುಳಿಗೆ ಹೀರಲು ಬಿಡೋದಿಲ್ಲ. ಗುಳಿಗೆ ನುಂಗಿ ಎರಡು ತಾಸು ಚಾ ಮುಟ್ಟಬೇಡ ಮಾರಾಯ್ತಿ.”

“ಆತು” ಎಂದವಳು ನನ್ನ ಮುಂದೆ ಚಾ ಇಟ್ಟಳು. “ನಿಮ್ ರಕ್ತ ಎಷ್ಟದೆ? ಅದನ್ನೂ ನೋಡ್ವ.”

ಬೆರಳಿಗೆ ಸೂಜಿ ಚುಚ್ಚಿಕೊಂಡು ನೋಡಿದರೆ ಅವಳಿಗಿಂತ ಕಡಿಮೆ!

“ನೀವು ಗುಳಿಗೆ ತಿನ್ನೂದಿಲ್ವಾ?”

“ತಿಂತೇನೆ. ಕೆಲಸಕ್ಕೆ ಹೊರಡುವಾಗ.”

“ಹೊರಟ ಮೇಲೆ ಎಷ್ಟು ಮನೇಲಿ ಚಾ ಆತು?”

ಅದು ಐದನೆಯದು. ಚಾ ಬೇಡವೆಂದರೆ ಮನೆಯವರಿಗೆ ಬೇಜಾರು. ಮರುವಾರ ನನ್ನ ಗುಳಿಗೆಯೂ ಅವರಿಗೆ ಬೇಡ. ಕುಡಿದು ಎದ್ದೆ. ಮುಂದಿನ ಮನೆಯಲ್ಲೂ ಗುಳಿಗೆಯ ಸಂಗಡ ಚಾ ಬೇಡ ಎಂದು ಹೇಳುವುದಿತ್ತು. ನಾನು ಅಂಗಳ ದಾಟುವ ಮೊದಲೇ ಅಲ್ಲಿ ಒಲೆಯ ಮೇಲೆ ಚಾದ ಪಾತ್ರೆ ಇಟ್ಟಾಗಿತ್ತು.