ವೈರ್ ಲೂಸ್ ಆಗಿತ್ತು

ಅವರ ಬಲಗಿವಿಯ ಹಿಂದೆ ಸದಾ ಒಂದು ಟೆಸ್ಟರ್ ಇರುತ್ತಿತ್ತು, ಬಡಗಿ ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ. ಎಷ್ಟು ವರ್ಷದಿಂದಲೋ ಏನೋ, ಆ ಜಾಗದಲ್ಲಿ ಕೂದಲು ಬೆಳೆಯುವುದನ್ನೇ ಬಿಟ್ಟಿತ್ತು. ಒಂದು ಮದುವೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು, ಅಲ್ಲೂ ಕಿವಿಯ ಮೇಲೆ ಟೆಸ್ಟರ್. ಕೊಟ್ಟೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ನಾವೆಲ್ಲ ಕರೆಯುತ್ತಿದ್ದದ್ದು ರಿಪೇರಿ ಕಾಕಾ ಎಂದು.

ರೇಡಿಯೋದಿಂದ ಶುರು ಮಾಡಿ, ಟೇಪ್ ರೆಕಾರ್ಡರ್, ಡಬ್ಬಾ ಟಿವಿ ಎಲ್ಲ ದಾಟಿ, ಅರವತ್ತರ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಸ್ಮಾರ್ಟ್ ಟಿವಿ, ಕಂಪ್ಯೂಟರ್ ಕಲಿತಿದ್ದರು. ಆದರೆ ಕೆಟ್ಟ ಸಾಮಾನನ್ನು ಕೊಟ್ಟು ಹೋಗುವಂತಿರಲಿಲ್ಲ. ಅಂಗಡಿಯಲ್ಲಿ ಒಂದು ಕುಂಟು ಸ್ಟೂಲ್ ಇತ್ತು. ಅದರ ಮೇಲೆ ಕೂತು ಕಥೆ ಹೇಳಬೇಕಿತ್ತು. ಕೊನೆಗೆ ಚೆನ್ನಾಗಿ ನಡೆದದ್ದು ಯಾವಾಗ, ಆಮೇಲೆ ಯಾರು ಏನು ಮುಟ್ಟಿದರು, ಎಲ್ಲ ಸಾಲಾಗಿ. ಯಾರಾದರೂ "ಏನೂ ಮಾಡಿಲ್ರಿ, ತಾನಽ ಕೆಟ್ಟೈತಿ" ಅಂದರೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, "ಟಿವಿ ಸುಳ್ಳು ಹೇಳಂಗಿಲ್ರಿ, ತಂದೋರು ಹೇಳ್ತಾರ" ಎನ್ನುತ್ತಿದ್ದರು. ನನಗೆ ಇದೊಂದು ತಮಾಷೆಯಾಗಿತ್ತು, ನಾನೇ ಆ ಸ್ಟೂಲಿನ ಮೇಲೆ ಕೂರುವವರೆಗೆ.

ನಾನು ಉಜ್ಜಿನಿ ರಸ್ತೆಯ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರು. ಸಿಟ್ಟು ನನಗೆ ಬೇಗ ಬರುತ್ತದೆ, ಹೋಗುವುದು ತಡ. ಶಾಲೆಗೆ ಯಾರೋ ಪುಣ್ಯಾತ್ಮರು ಒಂದು ದೊಡ್ಡ ಸ್ಮಾರ್ಟ್ ಟಿವಿ ಕೊಟ್ಟಿದ್ದರು. ಹೆಡ್‌ಮಾಸ್ತರರಿಗೆ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಆಸೆ. ನಾನು ಜಗಳವಾಡಿ ಗೋಡೆಗೆ ಹಾಕಿಸಿ, ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದೆ. ನಿಮ್ಮ ಕೈಯಿಂದ ಕೆಟ್ಟಿತೋ, ಬೀರುವಿಗೆ ಹೋಯಿತು ಎಂದು ಅವರು ಮೊದಲೇ ಹೇಳಿದ್ದರು.

ಜಗಳವಾಡಿದ್ದು ಒಬ್ಬ ಹುಡುಗಿಗಾಗಿ. ಏಳನೇ ತರಗತಿ, ಕುರಿ ಸಾಕುವವರ ಮನೆಯವಳು. ದಪ್ಪ ಕನ್ನಡಕ ಹಾಕಿದರೂ ಅವಳಿಗೆ ಬೋರ್ಡು ಕಾಣುತ್ತಿರಲಿಲ್ಲ, ಪುಸ್ತಕದ ಅಕ್ಷರವೂ ಕಾಣುತ್ತಿರಲಿಲ್ಲ. ಪಾಠವನ್ನು ಕಂಪ್ಯೂಟರಿನಲ್ಲಿ ತೆರೆದು, ಒಂದೊಂದು ಅಕ್ಷರ ನಿಂಬೆಹಣ್ಣಿನಷ್ಟು ದೊಡ್ಡದು ಮಾಡಿ ಟಿವಿಗೆ ಹಾಕಿದರೆ, ಮೊಳದಷ್ಟು ದೂರ ನಿಂತು ಗಡಗಡ ಓದುತ್ತಿದ್ದಳು. ಆರು ವರ್ಷ ಶಾಲೆಯಲ್ಲಿ ಸುಮ್ಮನೆ ಕೂತಿದ್ದ ಹುಡುಗಿ ಅವಳು.

ದಸರಾ ರಜೆ ಬಿಡುವ ದಿನವೇ ನಮ್ಮ ಶಾಲೆಯಲ್ಲಿ ಆಯುಧಪೂಜೆ ಮುಗಿಸಿಬಿಡುತ್ತೇವೆ. ಒಂದು ವಾರದಿಂದ ಆ ಕಂಪ್ಯೂಟರ್ ಅಪ್‌ಡೇಟ್ ಮಾಡು, ಅಪ್‌ಡೇಟ್ ಮಾಡು ಎಂದು ಜೀವ ತಿಂದಿತ್ತು. ಹಾಳಾಗಿ ಹೋಗಲಿ ಎಂದು ಅವತ್ತು ಬೆಳಿಗ್ಗೆ ಒತ್ತಿದೆ. ಅದು ತಿರುಗಿತು, ತಿರುಗಿತು, ನಲವತ್ತು ಪರ್ಸೆಂಟಿಗೆ ಬಂದು ನಿಂತಿತು. ಕಂಪ್ಯೂಟರ್ ಬಂದ್ ಮಾಡಬೇಡಿ ಎಂದು ಬರೆದೂ ಇತ್ತು. ಅಷ್ಟರಲ್ಲಿ ಪೂಜೆಯ ಹೊತ್ತಾಯಿತು. ನಡೆಯುತ್ತಿರುವ ಯಂತ್ರಕ್ಕೆ ನಮ್ಮಲ್ಲಿ ಆರತಿ ಎತ್ತುವುದಿಲ್ಲ. ಹೆಡ್‌ಮಾಸ್ತರರು ಕಾಯಿ ಹಿಡಿದುಕೊಂಡು ಹೊರಗಿನಿಂದ ಅವಸರ ಮಾಡುತ್ತಿದ್ದರು. ಮೇನ್ ಸ್ವಿಚ್ಚನ್ನೇ ಆಫ್ ಮಾಡಿದೆ. ಯಾರೂ ನೋಡಲಿಲ್ಲ. ಟಿವಿಗೆ ಮೂರು ಬೆರಳಿನ ವಿಭೂತಿ ಬಳಿದು, ಹೂ ಏರಿಸಿ, ಕೈ ಮುಗಿದೆ.

ರಜೆ ಮುಗಿಸಿ ಬಂದರೆ ಕಂಪ್ಯೂಟರಿನ ಚಿಕ್ಕ ಪರದೆಯಲ್ಲಿ ಎಲ್ಲ ಬರುತ್ತಿದೆ, ಟಿವಿಯಲ್ಲಿ ಮಾತ್ರ ನೋ ಸಿಗ್ನಲ್. ರಿಮೋಟಿಗೂ ಅದು ಜಗ್ಗಲಿಲ್ಲ. ಸೆಲ್ ಬದಲಿಸಿದೆ, ಕೇಬಲ್ ಕಿತ್ತು ಹಾಕಿದೆ, ಊದಿದೆ, ಬಡಿದೆ, ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ. ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರೆ ಒಂದು ಒತ್ತಿ, ಮೂರು ಒತ್ತಿ ಎಂದು ಅರ್ಧ ಗಂಟೆ ಒತ್ತಿಸಿ, ಕೊನೆಗೆ ಟಿವಿಯ ಹಿಂಭಾಗದ ನಂಬರ್ ಓದಿ ಎಂದರು. ಹಿಂಭಾಗ ಗೋಡೆಗೆ ಅಂಟಿದೆ ಮಾರಾಯರೇ! ಫೋನ್ ಎಸೆಯಬೇಕು ಅನ್ನಿಸಿತು. ಹುಡುಗಿ ಮಾತ್ರ ದಿನಾ ಬಂದು ಆ ಕಪ್ಪು ಪರದೆಯ ಮುಂದೆ ನಿಂತು, ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಅದನ್ನು ನೋಡಲಾಗುತ್ತಿರಲಿಲ್ಲ.

ಆ ವಾರವೇ ಅವಳಪ್ಪ ಬಂದ. ಮುಂದಿನ ಗುರುವಾರ ಹಿಂಡು ಎಬ್ಬಿಸಿಕೊಂಡು ಮೇವಿಗೆ ಹಲವಾಗಲು ಕಡೆ ಹೊಳೆ ದಂಡೆಗೆ ಹೋಗುವವರಿದ್ದರು. ಮಗಳು ಓದುತ್ತಾಳೆಂದು ಅಜ್ಜಿಯ ಜೊತೆ ಬಿಟ್ಟು ಹೋಗಲು ಒಪ್ಪಿದ್ದವನು ಈಗ ಕಪ್ಪು ಟಿವಿಯನ್ನು ನೋಡಿ, "ಕಣ್ಣು ಕಾಣದಾಕಿ ಇಲ್ಲಿ ಕುಂತು ಏನ್ ಮಾಡ್ತಾಳ್ರಿ ಮೇಡಂ? ನಮ್ ಜೋಡಿ ಬಂದ್ರ ಮರಿ ನೋಡ್ಕೊಂತಾಳ" ಎಂದ. ಅವನ ಮಾತಿನಲ್ಲಿ ತಪ್ಪೇನಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಉರಿಸಿತು.

ನಾನು ಕರೆದದ್ದಕ್ಕೆ ಸೋಮವಾರ ರಿಪೇರಿ ಕಾಕಾ ಶಾಲೆಗೆ ಬಂದರು. ಟಿವಿಯನ್ನು ಮುಟ್ಟುವ ಮೊದಲು ಅದರ ಕೆಳಗಿನ ಅಂಚಿನ ವಿಭೂತಿಯನ್ನು ದಿಟ್ಟಿಸಿದರು. ಪೂಜೆಯ ವಿಭೂತಿಯನ್ನು ನಾವ್ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಕಾಕಾ ಬೆರಳಿಗೆ ತಾಗಿಸಿ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ರಿಮೋಟಿನ ಬೆಳಕು ಹೋಗಿ ಬೀಳುವ ಕಣ್ಣು ಅದರಡಿಯಲ್ಲೇ ಇತ್ತು. ರಿಮೋಟ್ ಕೆಲಸ ಮಾಡಿತು. ನೋ ಸಿಗ್ನಲ್ ಮಾತ್ರ ಹಾಗೇ ಉಳಿಯಿತು.

ಆಗ ಅವರ ಪ್ರಶ್ನೆ ಬಂತು, ಕೊನೆಗೆ ಏನು ಮಾಡಿದಿರಿ ಎಂದು. ಪಕ್ಕದಲ್ಲೇ ಹೆಡ್‌ಮಾಸ್ತರರು ನಿಂತಿದ್ದರು. ಅಪ್‌ಡೇಟ್ ಆಯಿತು, ಅವತ್ತಿನಿಂದ ಹೀಗೆ, ನಾನೇನೂ ಮಾಡಿಲ್ಲ ಎಂದೆ. ಕಾಕಾ ನನ್ನ ಮುಖ ನೋಡಿ, ಟಿವಿಯನ್ನು ಗೋಡೆಯಿಂದ ಇಳಿಸಿಕೊಂಡು ಹೋದರು. ಮಂಗಳವಾರ ಇಡೀ ದಿನ ಅದನ್ನು ಬಿಚ್ಚಿ ನೋಡಿದ್ದಾರೆ. ಫೋನ್ ಮಾಡಿ ಇನ್ನೊಮ್ಮೆ ಕೇಳಿದರು. ಆಗ ಪಕ್ಕದಲ್ಲಿ ಯಾರೂ ಇರಲಿಲ್ಲ, ಆದರೂ ಅದೇ ಉತ್ತರ ಕೊಟ್ಟೆ. ಒಮ್ಮೆ ಹೇಳಿದ ಸುಳ್ಳನ್ನು ತಿದ್ದಲು ನನ್ನ ಜಂಬ ಬಿಡಲಿಲ್ಲ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಬುಧವಾರ ಶಾಲೆ ಬಿಟ್ಟವಳೇ ಅಂಗಡಿಗೆ ಓಡಿದೆ. ನಮ್ಮ ಟಿವಿ ಅಲ್ಲಿ, ಅವರ ಹಳೆ ಕಂಪ್ಯೂಟರಿಗೆ ಜೋಡಿಸಿಕೊಂಡು, ಚೆಂದ ನಡೆಯುತ್ತಿತ್ತು. ಕಾಕಾ ಸ್ಟೂಲನ್ನು ಕಾಲಿನಿಂದ ನನ್ನ ಕಡೆ ದೂಡಿದರು. ಕೂತೆ. ಬೆಳಗಿನ ಅಪ್‌ಡೇಟ್, ನಲವತ್ತು ಪರ್ಸೆಂಟ್, ಕಾಯಿ, ಮೇನ್ ಸ್ವಿಚ್, ಎಲ್ಲ ಹೇಳಿದೆ. ಹೇಳುವಾಗ ಅಳು ಬಂತು.

"ಇದನ್ನ ಸೋಮವಾರ ಹೇಳಿದ್ರ ಸೋಮವಾರ ಮುಗೀತಿತ್ತಲ್ರಿ ಮೇಡಂ," ಎಂದರು. ಬೈಯಲಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ಟಿವಿಗೆ ಚಿತ್ರ ಕಳಿಸುವ ಸಾಫ್ಟ್‌ವೇರ್ ಅರ್ಧ ಹಳೆಯದು, ಅರ್ಧ ಹೊಸದು ಆಗಿ ಕೂತಿದೆ, ಅಪ್‌ಡೇಟನ್ನು ಪೂರ್ತಿ ಮಾಡಿಸಬೇಕು ಎಂದು ತಿಳಿಸಿ ಹೇಳಿದರು.

ಗುರುವಾರ ಬೆಳಿಗ್ಗೆ ಏಳಕ್ಕೆಲ್ಲ ಟಿವಿಯನ್ನು ಹೊತ್ತುಕೊಂಡು ಶಾಲೆಗೆ ಬಂದರು. ಕೆರೆ ಏರಿಯ ಮೇಲೆ ಹಿಂಡು ಹೊರಟು ನಿಂತಿತ್ತು. ಕಾಕಾ ತಮ್ಮ ಮೊಬೈಲಿನ ನೆಟ್ ಕೊಟ್ಟು ಅಪ್‌ಡೇಟ್ ಶುರು ಮಾಡಿದರು. ನಲವತ್ತಕ್ಕೆ ಬಂದು ಮತ್ತೆ ನಿಂತಿತು, ಪಾಪಿ. ನನ್ನ ಕೈ ಸ್ವಿಚ್ಚಿನ ಕಡೆ ಹೋಯಿತು.

"ಕೈ ಕಟ್ಕೊಂಡು ಕುಂದರ್ರಿ," ಎಂದರು ಕಾಕಾ.

ಕೈ ಕಟ್ಟಿ ಕೂತೆ. ಅದು ನಲವತ್ತೊಂದು ಆಗಲು ಎಷ್ಟು ಹೊತ್ತಾಯಿತೋ, ನನಗಂತೂ ಒಂದು ಯುಗ. ಒಂಬತ್ತೂವರೆಗೆ ಮುಗಿಯಿತು. ಕಾಕಾ ಎಲ್ಲ ಪ್ಲಗ್ ಕಿತ್ತು, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು, ಮೊದಲು ಟಿವಿ, ಆಮೇಲೆ ಕೇಬಲ್, ಕೊನೆಗೆ ಕಂಪ್ಯೂಟರ್ ಹಚ್ಚಿದರು. ಪಾಠ ಟಿವಿಯ ಮೇಲೆ ಬಂತು. ಹಿಂದಿನ ಬೆಂಚಿನಲ್ಲಿದ್ದ ಹುಡುಗಿ ಎದ್ದು ಬಂದು, ಮೊಳದಷ್ಟು ದೂರ ನಿಂತು, ತಡವರಿಸದೆ ಒಂದು ಪುಟ ಓದಿದಳು. ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಅವಳಪ್ಪ ಕೇಳಿಸಿಕೊಂಡ. "ಅಜ್ಜಿ ಮಾತು ಕೇಳ್ಕೊಂಡು ಇರವ್ವ," ಎಂದಷ್ಟೇ ಹೇಳಿ ಕೆರೆ ಏರಿಯ ಕಡೆ ನಡೆದ.

ಹೆಡ್‌ಮಾಸ್ತರರು ಆಗಷ್ಟೇ ಬಂದು ಏನಾಗಿತ್ತು ಎಂದು ಕೇಳಿದರು.

"ವೈರ್ ಲೂಸ್ ಆಗಿತ್ರಿ ಸರ," ಎಂದರು ಕಾಕಾ, ಅವರ ಮುಖ ನೋಡದೆ.

ಗೇಟಿನವರೆಗೆ ಜೊತೆಗೆ ಹೋಗಿ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ಖರೇ ಹೇಳಿದ್ರ ಟಿವಿ ಬೀರುದಾಗ ಹೋಗ್ತಿತ್ತು. ನನಗ ನೀವು ಖರೇ ಹೇಳೀರಿ, ಸಾಕು," ಎಂದರು. ಟೆಸ್ಟರನ್ನು ಕಿವಿಗೆ ಸಿಕ್ಕಿಸಿಕೊಂಡು ಗಾಡಿ ಹತ್ತಿದರು.

ಆ ಹುಡುಗಿ ಈಗ ಕೊಟ್ಟೂರಿನಲ್ಲಿ ಹತ್ತನೇ ತರಗತಿ. ಸುತ್ತಲಿನ ಶಾಲೆಗಳ ಟಿವಿ ಕೆಟ್ಟರೆ ಈಗ ನನಗೆ ಫೋನ್ ಬರುತ್ತದೆ. ಕೊನೆಗೆ ಏನು ಮಾಡಿದಿರಿ ಎಂದು ನಾನೂ ಕೇಳುತ್ತೇನೆ. ಏನೂ ಮಾಡಿಲ್ಲ ಎಂದೇ ಅವರೂ ಹೇಳುತ್ತಾರೆ. ಸಿಟ್ಟು ನೆತ್ತಿಗೇರಿದರೂ ಇನ್ನೊಮ್ಮೆ ಮೆಲ್ಲಗೆ ಕೇಳುತ್ತೇನೆ.

ಕಾಕಾ ತೀರಿಕೊಂಡಿದ್ದು ಹೋದ ಬೇಸಿಗೆಯಲ್ಲಿ. ಮಣ್ಣಿಗೆ ಒಯ್ಯುವ ಮೊದಲು ಅವರನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ. ಕಿವಿಯ ಮೇಲೆ ಏನೂ ಇರಲಿಲ್ಲ. ಆ ಬರಿ ಕಿವಿಯನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಮಣ್ಣು ಮುಗಿಸಿ ಬರುವಾಗ ಪಕ್ಕದಲ್ಲಿ ನಡೆಯುತ್ತಿದ್ದ ನಮ್ಮ ಹೆಡ್‌ಮಾಸ್ತರರು, "ಒಂದು ದಿನಾನೂ ಸುಳ್ಳು ಹೇಳಿದ ಮನುಷ್ಯಾ ಅಲ್ಲ," ಎಂದರು.

ನಾನು ನಿಂತೆ.

"ಒಂದು ಹೇಳ್ಯಾರ ಸರ. ಅವತ್ತು ವೈರ್ ಲೂಸ್ ಆಗಿದ್ದಿಲ್ಲ. ಅಪ್‌ಡೇಟ್ ನಡೆದಾಗ ಮೇನ್ ಆಫ್ ಮಾಡಿದಾಕಿ ನಾನು. ಆ ಸುಳ್ಳು ಅವರದಲ್ಲ, ನಂದು."