ಬೋರಲು ಹಾಕಿದ ಕಪ್ಪು

ಮನೆಗೆ ಬಣ್ಣ ಹೊಡೆಸಲು ಗೋಡೆಯ ಮೇಲಿದ್ದದ್ದನ್ನೆಲ್ಲ ಇಳಿಸುತ್ತಿದ್ದಾಗ ಆ ಚಿತ್ರ ಕೈಗೆ ಬಂತು. ಉಪ್ಪಿನಕಾಯಿ ಜಾಡಿಯ ತುಂಬ ತಂಗಡಿ ಹೂವು, ನಡುವೆ ನಾಲ್ಕು ಕಡ್ಡಿ ತುಂಬೆ. ಪಕ್ಕದಲ್ಲಿ ಬೋರಲು ಹಾಕಿದ, ಹಿಡಿ ಮುರಿದ ಪಿಂಗಾಣಿ ಕಪ್ಪು. ಗಾಜಿನ ಧೂಳು ಒರೆಸುತ್ತ ಅಲ್ಲೇ ಕೂತುಬಿಟ್ಟೆ...

ಬರೆದವರು ನನ್ನ ಡ್ರಾಯಿಂಗ್ ಮೇಷ್ಟ್ರು. ಎಪ್ಪತ್ತರ ದಶಕದ ಕೊನೆಯ ಮಾತು. ನನ್ನನ್ನು ಡ್ರಾಯಿಂಗ್ ಪರೀಕ್ಷೆಗೆ ಕೂರಿಸಲೇಬೇಕೆಂದು ಹಟ ಹಿಡಿದು, ಪ್ರತಿ ಭಾನುವಾರ ತರೀಕೆರೆಯಿಂದ ಅಜ್ಜಂಪುರಕ್ಕೆ ಬರುತ್ತಿದ್ದರು. ಬರುವಾಗ ರೈಲು ಹಳಿಯ ಪಕ್ಕದ ಹೂವು ಕಿತ್ತು ತರುವರು. "ಗುಲಾಬಿ ಯಾರ್ ಬೇಕಾದ್ರೂ ಬರೀತಾರೆ, ಇದನ್ನ ಬರಿ ನೋಡಾಣ" ಎನ್ನುವರು. ಪಾಠವೆಲ್ಲ ಜಗಲಿಯ ಮೇಲೆಯೇ.

ಮೇಷ್ಟ್ರು ಮುಸಲ್ಮಾನರು. ನಮ್ಮ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟ. ಅವರಿಗೆ ಮಾತ್ರ ಜಗಲಿಯ ಗೂಡಿನಲ್ಲಿದ್ದ ಆ ಕಪ್ಪು. ಕಾಫಿ ಕುಡಿದು, ತಾವೇ ತೊಳೆದು, ಬೋರಲು ಹಾಕಿ ಹೋಗುತ್ತಿದ್ದರು. ನನಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ನಾನು ಪಾಸಾದಾಗ ಈ ಚಿತ್ರ ತಂದುಕೊಟ್ಟರು. ಅವ್ವನಿಗೆ ಸಂಭ್ರಮ. "ಅಯ್ಯೋ, ಇದು ನಮ್ಮನೆ ಕಪ್ ಅಲ್ವಾ ಮೇಷ್ಟ್ರೇ?" ಎಂದಳು.

"ಅಲ್ಲ ತಾಯಿ, ನಂದು" ಎಂದು ನಕ್ಕರು.

ಮುಖಕ್ಕೆ ಹೊಡೆದಂತಾಯಿತು. ಒಳಗೋಡಿ ಅಪ್ಪನ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಬಂದೆ. ಅವ್ವ ತಡೆಯಲಿಲ್ಲ. ಹೊಸ್ತಿಲ ಬಳಿ ಕೂತಿದ್ದ ಅಜ್ಜಿ, "ಲೇ, ಅದ್ಯಾರ ಲೋಟ ಕಣೇ?" ಎಂದಿತು. ಅಷ್ಟೇ. ಮಹಾ ಧೈರ್ಯವಂತೆ ನಾನು, ಮೇಷ್ಟ್ರ ಕಣ್ಣೆದುರಿಗೇ ಲೋಟದ ಕಾಫಿಯನ್ನು ಕಪ್ಪಿಗೆ ಸುರಿದೆ. ಅರ್ಧ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಅವರು ಕುಡಿದರು, ಕಪ್ಪು ತೊಳೆದಿಟ್ಟರು, ಹೋದರು. ಮತ್ತೆ ಬರಲಿಲ್ಲ...

ಪಾಠ ಮುಗಿದಿತ್ತಲ್ಲ, ಅದಕ್ಕೇ ಬರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತರೀಕೆರೆಯೇನು ಕಾಶಿಯೇ? ಹೋಗಿ ತಪ್ಪಾಯಿತು ಎನ್ನಬಹುದಿತ್ತು. ನಾಳೆ, ನಾಳಿದ್ದು ಎನ್ನುತ್ತ ಮದುವೆಯಾಗಿ, ಮಕ್ಕಳಾಗಿ, ತಲೆಯೂ ಬೆಳ್ಳಗಾಯಿತು.

ಚಿತ್ರ ಇಳಿಸಿದ ದಿನವೇ ಅವರಿವರನ್ನು ಕೇಳಿ ನಂಬರು ಹುಡುಕಿ ಫೋನ್ ಮಾಡಿದೆ. ಅವರ ಮಗಳು ಎತ್ತಿಕೊಂಡಳು. ಮೇಷ್ಟ್ರು ತೀರಿಹೋಗಿ ಆರು ವರ್ಷವಾಗಿತ್ತು. ನಾನು ಯಾರೆಂದು ಹೇಳುತ್ತಲೇ ಅವಳ ದನಿಯಲ್ಲಿ ಖುಷಿ ಬಂತು.

"ಅಜ್ಜಂಪುರದ ಅಕ್ಕನಾ! ನಿಮ್ಮನೆ ಕಾಫೀನ ನಮ್ ಅಬ್ಬಾ ಕೊನೇವರ್ಗೂ ನೆನೆಸ್ಕೊಳ್ಳೋರು. ಅಂಥ ಕಾಫಿ ಆಮೇಲೆ ಎಲ್ಲೂ ಕುಡೀಲಿಲ್ಲ ಅನ್ನೋರು."