ಶಾರದಾಬಾಯಿಯವರ ಪರವಾನಗಿ

ಶಾರದಾಬಾಯಿ ಕಾರಿಗೂ ಮರ್ಯಾದೆ ಕೊಟ್ಟು ಮಾತಾಡುತ್ತಿದ್ದರು. ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ‘ಪದಂಡಿ, ಹೋಗೋಣ’ ಎಂದು ತೆಲುಗಿನ ಬಹುವಚನ ಬೆರೆಸಿ ಹೇಳಿದ ಮೇಲೆಯೇ ಕ್ಲಚ್ ಬಿಡುವುದು. ಐವತ್ತಾರನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿಯಹೊರಟ ಅವರ ಪಕ್ಕದಲ್ಲಿ, ಭಾನುವಾರಗಳಂದು ಭೀಮುನಿಪಟ್ಟಣದ ರಸ್ತೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕೂರುತ್ತಿದ್ದವನು ನಾನು. ಆಗ ನಾನು ವಿಶಾಖಪಟ್ಟಣದ ಬ್ಯಾಂಕೊಂದರಲ್ಲಿದ್ದೆ. ಅವರು ಪಕ್ಕದ ಮನೆಯವರು, ಬಂದರಿನಲ್ಲಿ ಗುಮಾಸ್ತೆ. ಧಾರವಾಡ ಬಿಟ್ಟು ಮೂವತ್ತು ವರ್ಷವಾಗಿದ್ದರೂ ಮಾತು ಅಲ್ಲಿಯದೇ.

ಅವರ ಗಂಡ ಸರಕು ಹಡಗಿನ ಇಂಜಿನಿಯರ್. ಒಮಾನಿನ ತೀರದಲ್ಲಿ ಹಡಗು ಮುಳುಗಿ ಸತ್ತರು. ತೇಲಿಬಂದ ದೇಹ ಯಾರದೆಂದು ತಿಳಿಯದೆ ಅಲ್ಲಿನ ಮೀನುಗಾರರು ತಮ್ಮ ಹಳ್ಳಿಯಲ್ಲೇ ಮಣ್ಣು ಮಾಡಿದ್ದರು. ಬೆರಳಿನ ಉಂಗುರದ ಫೋಟೋ ನೋಡಿ ಇವರು ಗುರುತು ಹಿಡಿದದ್ದು ಎಷ್ಟೋ ತಿಂಗಳ ಮೇಲೆ. ಆ ಸಮಾಧಿ ನೋಡಲೆಂದೇ ಕಾರು ಕಲಿಯುತ್ತಿದ್ದರು; ಆ ಹಳ್ಳಿಗೆ ಬಸ್ಸಿಲ್ಲ. ಟ್ಯಾಕ್ಸಿಯಲ್ಲಿ ಹೋಗಬಹುದಲ್ಲ ಎಂದೆ.

“ಮಂದಿ ಮುಂದ ನನಗ ಅಳಲಿಕ್ಕೆ ಬರೂದಿಲ್ರೀ. ಒಬ್ಬಾಕಿನ ಹೋಗಬೇಕು.”

ಲೈಸೆನ್ಸ್ ಸಿಕ್ಕಿ ವರ್ಷವಾಗದೆ ಅಲ್ಲಿ ಬಾಡಿಗೆ ಕಾರು ಕೊಡುವುದಿಲ್ಲವೆಂದು ತಿಳಿದು ವರ್ಷವಿಡೀ ಕಾದರು. ಆಮೇಲೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಪಾಸ್‌ಪೋರ್ಟು, ವೀಸಾ, ವಿಮೆ, ಒಂದೊಂದಕ್ಕೂ ಮೂರು ಮೂರು ಜೆರಾಕ್ಸು. ಬಾಡಿಗೆ ಕಾರಿನ ಮುಂಗಡಕ್ಕೆಂದು ಡೆಬಿಟ್ ಕಾರ್ಡು ಮಾಡಿಸಿಕೊಟ್ಟವನು ನಾನು. ಇದು ಎಲ್ಲ ದೇಶದಲ್ಲೂ ನಡೆಯುತ್ತದೆ ಎಂದಿದ್ದೆ.

ಅವರು ಹೊರಡುವಷ್ಟರಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಗಿತ್ತು. ಹೋಗಿಬಂದವರು ಎರಡು ದಿನಕ್ಕೆಂದು ನಮ್ಮ ಮನೆಗೆ ಬಂದರು. ಇಂದ್ರಕೀಲಾದ್ರಿ ಬೆಟ್ಟ ಹತ್ತಿ ಅಮ್ಮನವರ ದರ್ಶನ ಮಾಡೋಣವೆಂದು ನನ್ನ ಹೆಂಡತಿ ಕರೆದರೆ ಬೇಡವೆಂದರು. ಊಟವಾದ ಮೇಲೆ ತಾವಾಗಿಯೇ ಹೇಳಿದರು. ಅಲ್ಲಿನ ಬಾಡಿಗೆ ಕಾರಿನ ಕೌಂಟರಿನ ಹುಡುಗಿ ಕಾಗದಗಳನ್ನೆಲ್ಲ ನೋಡಿ ಸರಿಯೆಂದು ತಲೆಯಾಡಿಸಿ, ಕಾರ್ಡು ಕೇಳಿದಳಂತೆ. ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕು, ಇದಾಗುವುದಿಲ್ಲ. ಇನ್ನೆರಡು ಕಡೆ ಕೇಳಿದರೂ ಅದೇ ಉತ್ತರ. ಮರುದಿನ ಟ್ಯಾಕ್ಸಿ ಮಾಡಿಕೊಂಡು ಸಮಾಧಿಗೆ ಹೋದರು.

“ಡ್ರೈವರ್ ಭಾಳ ಒಳ್ಳೆಯಾಂವ. ಹೆಣ್ಣುಮಗಳು ಒಬ್ಬಾಕೀನ ಇದ್ದಾಳಂತ ಬಾಜೂಕ ಬಂದು ನಿಂತ, ಸರೀಲೇ ಇಲ್ಲ. ಪಾಪ, ಅಂವಗ ಹ್ಯಾಂಗ ಹೋಗು ಅನ್ನೂದು? ಸ್ವಲ್ಪ ಹೊತ್ತು ನಿಂತೆ. ವಾಪಸ್ ಬಂದೆ.”

ನನಗೆ ತಲೆಯೆತ್ತಲಾಗಲಿಲ್ಲ. ರೈಲು ಹತ್ತಿಸುವಾಗ, ಸರಿಯಾದ ಕಾರ್ಡು ಮಾಡಿಸುತ್ತೇನೆ, ಇನ್ನೊಮ್ಮೆ ಹೋಗಿಬನ್ನಿ ಎಂದೆ.

“ನಿಮಗೂ ಗೊತ್ತಿರಲಿಲ್ಲ ಬಿಡ್ರಿ. ಇನ್ನ ನನ್ನ ಕಡೆ ಆಗೂದಿಲ್ಲ,” ಎಂದರು.

ಆ ಮಳೆಗಾಲದಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಧಾರವಾಡದಿಂದ ಬಂದ ಅವರ ತಮ್ಮನ ಜೊತೆ ನಾನೂ ವಿಶಾಖಪಟ್ಟಣದ ಸಮುದ್ರದಂಡೆಗೆ ಹೋದೆ. ಬೂದಿ ಬಿಟ್ಟ ಮೇಲೆ ಆತ, ಈ ನೀರು ಅಲ್ಲೀತನಕ ಹೋಗತದ ಅಲ್ರೀ ಎಂದು ಕೇಳಿದ.